ವಿಸಿಟ್ ವೀಸಾ ಮುಗಿದ ಮೇಲಿನ ಮೊದಲ ವಾರ

ರಾತ್ರಿ ಹನ್ನೊಂದೂವರೆಗೆ ನನ್ನ ಫೋನ್ ರಿಂಗ್ ಆದ್ರೆ ಅದು ಹೆಚ್ಚಾಗಿ ದುಬೈಯಿಂದ, ಅಲ್ಲಿ ಆಗ ಹತ್ತು ಗಂಟೆ, ರೂಮಿಗೆ ಬಂದು ಊಟ ಮಾಡಿ ಬಾಕಿಯವರೆಲ್ಲ ಮಲಗಿದ ಮೇಲೆ ಹುಡುಗರು ಮೆಟ್ಟಿಲಿನ ಹತ್ರ ನಿಂತು ಫೋನ್ ಮಾಡುದು. 2024ರ ಜುಲೈ ಕೊನೆಗೆ ಹಾಗೇ ಒಬ್ಬ ಮಾಡಿದ, ಪುತ್ತೂರು ಕಡೆಯವ, 24 ವರ್ಷ. "ಸರ್, ನಂದು ವೀಸಾ ಮುಗಿದು ಸ್ವಲ್ಪ ದಿನ ಆಯ್ತು, ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ?" ಸ್ವಲ್ಪ ಅಂದ್ರೆ ಎಷ್ಟು ಅಂತ ಕೇಳಿದೆ, ಮಾತಿಲ್ಲ. ಸರಿ, ಸ್ಟಾಂಪ್ ಇರುವ ಪೇಜಿನ ಫೋಟೋ ಕಳಿಸು ಅಂದೆ. ಬಂತು. ಮೂಲೆಯಲ್ಲಿ ಅವನ ಹೆಬ್ಬೆರಳು, ಉಗುರಿನ ಸುತ್ತ ಸಿಮೆಂಟಿನ ಬಿಳಿ ಪುಡಿ ಕೂತಿದೆ, ಅದರ ಪಕ್ಕ ಜನವರಿ 10ರ ಸ್ಟಾಂಪ್. 60 ದಿನದ ವಿಸಿಟ್ ವೀಸಾ. ಕೂತು ಲೆಕ್ಕ ಹಾಕಿದೆ, ವೀಸಾ ಮುಗಿದ ಮೇಲೆ 140 ದಿನ ಓವರ್‌ಸ್ಟೇ, ದಿನಕ್ಕೆ 50 ದಿರ್ಹಂ ಹಾಗೆ 7,000 ದಿರ್ಹಂ ದಂಡ, ಆಗಿನ ರೇಟಲ್ಲಿ ಒಂದು ಲಕ್ಷ ಅರವತ್ತು ಸಾವಿರದ ಹತ್ತಿರ.

ಮಂಗಳೂರಲ್ಲಿ ಟಿಕೆಟ್, ವೀಸಾ ಕೆಲಸ ಮಾಡ್ಲಿಕ್ಕೆ ಶುರು ಮಾಡಿ ನನಗೆ 22 ವರ್ಷ ಆಯ್ತು. ಈ ವರ್ಷಗಳಲ್ಲಿ ಗೊತ್ತಾದದ್ದು ಒಂದೇ, ಸಿಕ್ಕಿ ಬಿದ್ದವರನ್ನು ಮುಳುಗಿಸುದು ದಂಡ ಅಲ್ಲ, ಹೆದರಿಕೆ. ಮೊದಲ ವಾರ ಕೇಳಿದ್ರೆ ಕೆಲವು ನೂರು ದಿರ್ಹಂನಲ್ಲಿ ಮುಗಿಯುವ ವಿಷಯವನ್ನು ಅಪ್ಪನಿಗೆ ಹೇಗೆ ಹೇಳುದು, ಏಜೆಂಟ್ ಎಂತ ಹೇಳ್ತಾನೋ, ಪೊಲೀಸರು ಹಿಡಿದ್ರೆ ಅಂತ ಒಳಗೇ ಇಟ್ಟುಕೊಂಡು ಆರು ತಿಂಗಳು ಮಾಡ್ತಾರೆ.

ಇವನ ಕತೆಯೂ ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತಿರುವ ಕತೆಯೇ. ವೇರ್‌ಹೌಸಲ್ಲಿ ಕೆಲಸ, ಈಗ ವಿಸಿಟಲ್ಲಿ ಹೋಗು, ಅಲ್ಲಿ ಹೋದ ಮೇಲೆ ವೀಸಾ ಚೇಂಜ್ ಮಾಡಿಸ್ತೇವೆ ಅಂತ ಹೇಳಿ ಒಂದೂಕಾಲು ಲಕ್ಷ ತಗೊಂಡಿದ್ದಾರೆ. ಹೋದ ಮೇಲೆ ವೇರ್‌ಹೌಸ್ ಇಲ್ಲ, ಸೈಟಲ್ಲಿ ದಿನಗೂಲಿ, ಅದರಲ್ಲೂ ಎರಡು ತಿಂಗಳ ದುಡ್ಡು ಬಾಕಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುದು ಯುಎಇಯಲ್ಲಿ ಕಾನೂನು ಪ್ರಕಾರ ತಪ್ಪು, ಮಾಡಿಸುವವನದ್ದೂ ತಪ್ಪು, 2024ರ ಆಗಸ್ಟಲ್ಲಿ ಬಂದ ತಿದ್ದುಪಡಿಯಲ್ಲಿ ಪರ್ಮಿಟ್ ಇಲ್ಲದೆ ಕೆಲಸಕ್ಕೆ ಇಟ್ಟುಕೊಂಡ ಧಣಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ ಉಂಟು. ಆದ್ರೆ ರೂಮಲ್ಲಿ ಎಂಟು ಜನರ ಜೊತೆ ಮಲಗುವ ಹುಡುಗನಿಗೆ ಇದನ್ನು ಯಾರು ಹೇಳ್ತಾರೆ.

ಈಗ ಲೆಕ್ಕದ ವಿಷಯ, ಇದರಲ್ಲಿ ಓದಿದವರೂ ತಪ್ಪು ಮಾಡ್ತಾರೆ. ವೀಸಾ ಪೇಪರಲ್ಲಿ ಇರುವ ವ್ಯಾಲಿಡಿಟಿ ಅಂದ್ರೆ ಅಷ್ಟರೊಳಗೆ ದೇಶಕ್ಕೆ ಹೋಗಿ ಇಳಿಯಬೇಕು ಅಂತ, ಉಳಿಯುವ 30 ಅಥವಾ 60 ದಿನ ಲೆಕ್ಕ ಆಗುದು ಇಳಿದ ದಿನದಿಂದ. ಇನ್ನೊಂದು, "ಹತ್ತು ದಿನ ಗ್ರೇಸ್ ಉಂಟಲ್ಲ" ಅಂತ ಇವತ್ತಿಗೂ ಹೇಳುವವರಿದ್ದಾರೆ. ವೀಸಾ ಮುಗಿದ ಮೇಲೂ ದಂಡ ಇಲ್ಲದೆ ಹತ್ತು ದಿನ ಉಳಿಯುವ ಆ ಅವಕಾಶ ಹಿಂದೆ ಇತ್ತು, 2023ರಲ್ಲಿ ತೆಗೆದಾಯ್ತು. ಈಗ ವೀಸಾ ಮುಗಿದ ಮರುದಿನದಿಂದಲೇ ಮೀಟರ್ ಓಡ್ತದೆ. ಅದರ ಮೇಲೆ, ವಿಸಿಟ್ ವೀಸಾ ಟ್ರಾವೆಲ್ ಏಜೆನ್ಸಿ ಮೂಲಕ ಮಾಡಿದ್ದಾದ್ರೆ ಸ್ಪಾನ್ಸರ್, ಅಂದ್ರೆ ನಿಮ್ಮ ಹೊಣೆ ಹೊತ್ತವರು, ಆ ಏಜೆನ್ಸಿಯೇ, ನೀವು ಹೊರಗೆ ಹೋಗದಿದ್ರೆ ಅವರ ಕುತ್ತಿಗೆಗೆ ಬರ್ತದೆ, ಹಾಗಾಗಿ ಕೆಲವರು ನಾಲ್ಕೈದು ದಿನ ಆಗುವಾಗಲೇ ಇವ ತಪ್ಪಿಸಿಕೊಂಡಿದ್ದಾನೆ ಅಂತ ದೂರು, ಅಂದ್ರೆ ಅಬ್‌ಸ್ಕಾಂಡಿಂಗ್ ಹಾಕಿ ಬಿಡ್ತಾರೆ. ಅದು ಬಿದ್ರೆ ಬರೀ ದಂಡದಲ್ಲಿ ಮುಗಿಯುದಿಲ್ಲ, ವಾಪಸ್ ಹೋಗ್ಲಿಕ್ಕೆ ಬ್ಯಾನ್ ಬರುವ ಸಾಧ್ಯತೆಯೂ ಉಂಟು. ಏಜೆನ್ಸಿಯಿಂದ ಫೋನ್ ಬಂದ್ರೆ ದಯವಿಟ್ಟು ಎತ್ತಿ, ಮಾತಾಡಿ. ಫೋನ್ ಆಫ್ ಮಾಡಿ ಕೂತುಕೊಳ್ಳುದಕ್ಕಿಂತ ದೊಡ್ಡ ತಪ್ಪು ಬೇರೆ ಇಲ್ಲ.

ಹೆಚ್ಚಿನವರು ಗೊಂದಲ ಮಾಡಿಕೊಳ್ಳುದು ಔಟ್‌ಪಾಸ್ ವಿಷಯದಲ್ಲಿ. ನಮ್ಮವರು ಎರಡು ಬೇರೆ ಬೇರೆ ಕಾಗದಕ್ಕೆ ಅದೊಂದೇ ಹೆಸರು ಹೇಳ್ತಾರೆ. ಒಂದು ನಮ್ಮ ಕಾನ್ಸುಲೇಟ್ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್, ಬಿಳಿ ಪಾಸ್‌ಪೋರ್ಟ್ ಅಂತಲೂ ಹೇಳ್ತಾರಲ್ಲ ಅದು, ಪಾಸ್‌ಪೋರ್ಟ್ ಕಳೆದು ಹೋದವರಿಗೆ, ಧಣಿ ಇಟ್ಟುಕೊಂಡು ಕೊಡದವರಿಗೆ. ಈ ಮನುಷ್ಯ ಭಾರತದವನು, ಒಂದು ಸಲ ಊರಿಗೆ ಹೋಗಬಹುದು ಅಂತ ಅದರ ಅರ್ಥ, ಅಷ್ಟೇ. ಇನ್ನೊಂದು ಅಲ್ಲಿನ ಇಮಿಗ್ರೇಶನ್ ಕೊಡುವ ಎಕ್ಸಿಟ್ ಪರ್ಮಿಟ್, ಇವನು ಹೋಗ್ಲಿಕ್ಕೆ ನಮ್ಮ ಅಡ್ಡಿ ಇಲ್ಲ ಅಂತ. ಮೊದಲನೆಯದ್ದು ಸಿಕ್ಕಿದ ಖುಷಿಯಲ್ಲಿ ಸಾಲ ಮಾಡಿ ಟಿಕೆಟ್ ತೆಗೆದು ಏರ್‌ಪೋರ್ಟಿಗೆ ಹೋಗಿ ಎಮಿಗ್ರೇಶನ್ ಕೌಂಟರಿಂದ ವಾಪಸ್ ಬಂದವರನ್ನು ನಾನು ನೋಡಿದ್ದೇನೆ, ಟಿಕೆಟಿನ ದುಡ್ಡೂ ಹೋಯ್ತು. ಎಂಬೆಸಿಯವರು ಎಂತ ಮಾಡುದಿಲ್ಲ ಅಂತ ಬೈಯುವ ಮೊದಲು ಇದು ಗೊತ್ತಿರಬೇಕು, ದಂಡ ಮನ್ನಾ ಮಾಡುದು, ಅಬ್‌ಸ್ಕಾಂಡಿಂಗ್ ತೆಗೆಯುದು ಅವರ ಕೈಯಲ್ಲಿಲ್ಲ, ಅದು ಆ ದೇಶದ ಅಧಿಕಾರ. ಅವರು ಕೇಳಬಹುದು, ಪತ್ರ ಬರೆಯಬಹುದು.

ಆದ್ರೆ ಅವರ ಕೈಯಲ್ಲಿ ಇರುವ ಒಂದು ದೊಡ್ಡ ವಿಷಯ ನಮ್ಮವರಿಗೆ ಗೊತ್ತೇ ಇಲ್ಲ. 2009ರಿಂದ ಇಂಡಿಯನ್ ಕಮ್ಯೂನಿಟಿ ವೆಲ್ಫೇರ್ ಫಂಡ್ ಅಂತ ಉಂಟು, ಗತಿ ಇಲ್ಲದೆ ಸಿಕ್ಕಿ ಬಿದ್ದವರಿಗೆ ಊಟ, ಉಳಿಯುವ ಜಾಗ, ಊರಿಗೆ ಟಿಕೆಟ್, ವಕೀಲರ ಸಹಾಯ, ಸಣ್ಣ ಪುಟ್ಟ ದಂಡ ಕೂಡ ಅದರಿಂದ ಕೊಡ್ಲಿಕ್ಕೆ ಆಗ್ತದೆ. ಎಲ್ಲರಿಗೂ ಸಿಗುದಿಲ್ಲ, ನಿಜವಾಗಿ ಕಷ್ಟದಲ್ಲಿದ್ದಾರಾ ಅಂತ ನೋಡಿ ಕೊಡ್ತಾರೆ. ಕೇಳ್ಲಿಕ್ಕೆ ನಾಚಿಕೆ ಆಗ್ತದೆ ಸರ್ ಅಂತಾರೆ ಹುಡುಗರು. ಯಾಕೆ ನಾಚಿಕೆ? ಪಾಸ್‌ಪೋರ್ಟು ಮತ್ತಿತರ ಕಾನ್ಸುಲರ್ ಕೆಲಸಕ್ಕೆ ನಮ್ಮ ಜನ ಕಟ್ಟುವ ಫೀಸಿನ ಜೊತೆ ಸ್ವಲ್ಪ ಸ್ವಲ್ಪ ಸೇರಿಸಿ ಆದ ದುಡ್ಡು ಅದು. ದುಬೈಯಲ್ಲಿ ಪ್ರವಾಸಿ ಭಾರತೀಯ ಸಹಾಯ ಕೇಂದ್ರ ಉಂಟು, ಅಲ್ಲಿಂದ ಫ್ರೀಯಾಗಿ 800 46342ಗೆ ಫೋನ್ ಮಾಡಬಹುದು, ಊರಲ್ಲಿರುವ ಮನೆಯವರು ವಿದೇಶಾಂಗ ಇಲಾಖೆಯ ಮದದ್ ಪೋರ್ಟಲಲ್ಲಿ ದೂರು ಹಾಕಬಹುದು. ದೂರು ಹಾಕುವಾಗ ಪಾಸ್‌ಪೋರ್ಟ್ ನಂಬರ್, ಇಳಿದ ತಾರೀಕು, ಈಗ ಇರುವ ಜಾಗ, ಇಷ್ಟು ಸರಿಯಾಗಿ ಬರೆಯಿರಿ, ಕಣ್ಣೀರಿನ ಕತೆ ನಾಲ್ಕು ಪೇಜ್ ಬರೆದು ಪಾಸ್‌ಪೋರ್ಟ್ ನಂಬರೇ ಬಿಟ್ಟ ದೂರುಗಳು ಅಲ್ಲೇ ನಿಲ್ತವೆ.

ಪುತ್ತೂರಿನ ಹುಡುಗನಿಗೆ ಅದೃಷ್ಟ ಇತ್ತು. ಅವ ಫೋನ್ ಮಾಡಿದ ನಾಲ್ಕೇ ದಿನಕ್ಕೆ ಆಗಸ್ಟ್ 1ರಂದು ಯುಎಇ ಆಮ್ನೆಸ್ಟಿ, ಅಂದ್ರೆ ವೀಸಾ ಮುಗಿದು ಉಳಿದವರಿಗೆ ಕ್ಷಮೆ, ಘೋಷಣೆ ಮಾಡಿತು, ಸೆಪ್ಟೆಂಬರ್ 1ರಿಂದ ಎರಡು ತಿಂಗಳು, ಆಮೇಲೆ ಡಿಸೆಂಬರ್ 31ರವರೆಗೆ ಮುಂದೆ ಹಾಕಿದ್ರು. ದಂಡ ಪೂರ್ತಿ ಮನ್ನಾ, ಬ್ಯಾನ್ ಇಲ್ಲ. ಅದಕ್ಕೆ ದುಬೈಯ ಅಲ್ ಅವೀರ್‌ನಲ್ಲಿ ಹಾಕಿದ್ದ ಟೆಂಟಿಗೆ ಹೋಗು ಅಂದ್ರೆ ಅವನಿಗೆ ನಂಬಿಕೆ ಇಲ್ಲ, ಅಲ್ಲಿ ಹೋದ್ರೆ ಹಿಡಿದು ಒಳಗೆ ಹಾಕ್ತಾರೆ ಅಂತ ರೂಮಲ್ಲಿ ಯಾರೋ ಹೇಳಿದ್ದಾರೆ. ಮೂರು ಸಲ ಫೋನಲ್ಲಿ ಹೇಳಿ ಹೇಳಿ ಕೊನೆಗೆ ಹೋದ, ಬೆರಳಚ್ಚು ಕೊಟ್ಟ, ಸೆಪ್ಟೆಂಬರಲ್ಲೇ ಮಂಗಳೂರಿನ ಬಜ್ಪೆ ಏರ್‌ಪೋರ್ಟಲ್ಲಿ ಇಳಿದ. ಬಾಕಿ ಸಂಬಳ ಮಾತ್ರ ಬರಲೇ ಇಲ್ಲ.

ಆದ್ರೆ ಇದನ್ನು ಕೇಳಿ ಆಮ್ನೆಸ್ಟಿ ಬರ್ತದೆ ಅಂತ ಕಾಯುವವರು ಇದ್ದಾರೆ, ಅದಕ್ಕೇ ಹೇಳುದು, ಯುಎಇಯಲ್ಲಿ, 2020ರ ಕೊರೋನಾ ಕಾಲದ ದಂಡ ಮನ್ನಾ ಬಿಟ್ರೆ, ಬಂದದ್ದು 2007ರಲ್ಲಿ, 2012ರ ಕೊನೆಗೆ, 2018ರಲ್ಲಿ, ಮತ್ತೆ 2024ರಲ್ಲಿ. ನಡುವೆ ಐದಾರು ವರ್ಷ. ದಿನಕ್ಕೆ 50ರ ಹಾಗೆ ಆರು ವರ್ಷಕ್ಕೆ 1,09,500 ದಿರ್ಹಂ ಆಗ್ತದೆ, ಆ ಆರು ವರ್ಷ ಬ್ಯಾಂಕ್ ಇಲ್ಲ, ಹುಷಾರಿಲ್ಲದಿದ್ರೆ ಆಸ್ಪತ್ರೆಗೆ ಹೋಗ್ಲಿಕ್ಕೆ ಹೆದರಿಕೆ, ಊರಲ್ಲಿ ಅಪ್ಪ ತೀರಿಕೊಂಡ್ರೆ ಬೊಜ್ಜಕ್ಕೆ, ಅಂದ್ರೆ ಉತ್ತರಕ್ರಿಯೆಗೆ, ಬರ್ಲಿಕ್ಕೆ ಆಗುದಿಲ್ಲ.

ಇನ್ನು ಈ "ಸಿಸ್ಟಮಿಂದ ಹೆಸರು ತೆಗೆಸ್ತೇನೆ" ಅನ್ನುವ ದಲ್ಲಾಳಿಗಳು. ಬಂಟ್ವಾಳದ ಒಬ್ಬರು ಅಕ್ಕ ಎರಡು ಬಳೆ ಅಡವಿಟ್ಟು 80 ಸಾವಿರ ಕಳಿಸಿದ್ದಾರೆ ತಮ್ಮನಿಗೋಸ್ಕರ, ಕಳಿಸಿದ ಮೇಲೆ ನನ್ನ ಹತ್ರ ಬಂದದ್ದು, ಎಂತ ಮಾಡುದು ಹೇಳಿ. ಅಲ್ಲಿನ ಇಮಿಗ್ರೇಶನ್ ರೆಕಾರ್ಡಿಂದ ಹೆಸರು ತೆಗೆಯುವ ಶಕ್ತಿ ಯಾವ ದಲ್ಲಾಳಿಗೂ ಇಲ್ಲ. ಪಾಸ್‌ಪೋರ್ಟ್ ಎಸೆದು ಹೊಸದು ಮಾಡಿಸಿದ್ರೂ ಹಳೆಯದ್ದು ಅಳಿಸಿ ಹೋಗುದಿಲ್ಲ, ಕಣ್ಣಿನ ಸ್ಕ್ಯಾನ್, ಬೆರಳಚ್ಚು ಎಲ್ಲ ಅವರ ಹತ್ರ ಉಂಟು.

ಗಡಿ ದಾಟಿಸುವ ಮಾತು ಬಂದ್ರಂತೂ ಓಡಿ ಹೋಗಿ. ಥಾಯ್ಲೆಂಡಿಗೆ ವೀಸಾ ಬೇಡ ಅಂತ ಡೇಟಾ ಎಂಟ್ರಿ ಕೆಲಸಕ್ಕೆ ಕರ್ಕೊಂಡು ಹೋಗಿ ರಾತ್ರಿ ಮೊಯಿ ನದಿ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚನೆಯ ಕ್ಯಾಂಪಿಗೆ ಹಾಕಿದ್ದು ಇದೇ ತಂತ್ರ. ಪಾಸ್‌ಪೋರ್ಟಲ್ಲಿ ಥಾಯ್ಲೆಂಡಿಂದ ಹೊರಗೆ ಹೋದ ಸ್ಟಾಂಪ್ ಇಲ್ಲ, ಮ್ಯಾನ್ಮಾರಿಗೆ ಬಂದ ಸ್ಟಾಂಪೂ ಇಲ್ಲ, ಕ್ಯಾಂಪಿಂದ ತಪ್ಪಿಸಿಕೊಂಡ್ರೂ ಎರಡೂ ಕಡೆ ಕಾನೂನು ಮುರಿದವನಾಗ್ತಾನೆ. 2025ರ ಮಾರ್ಚಲ್ಲಿ ಅಂಥ 549 ಭಾರತೀಯರನ್ನು ಥಾಯ್ಲೆಂಡಿನ ಗಡಿ ಊರು ಮೇ ಸೋಟ್‌ನಿಂದ ವಾಯುಪಡೆ ವಿಮಾನದಲ್ಲಿ ಕರ್ಕೊಂಡು ಬರಬೇಕಾಯ್ತು.

ಕೆಲಸದ ವೀಸಾ ಇದ್ರೂ ಕಣ್ಣು ಮುಚ್ಚಿ ಹೋಗ್ಲಿಕ್ಕೆ ಆಗುದಿಲ್ಲ, 2019ರಲ್ಲಿ ಕುವೈತಲ್ಲಿ ಹೇಳಿದ ಕೆಲಸ ಸಿಗದೆ ನಮ್ಮ ಮಂಗಳೂರಿನ ಹುಡುಗರು ಗುಂಪಾಗಿ ಸಿಕ್ಕಿ ಬಿದ್ದು ವಿಡಿಯೋ ಕಳಿಸಿದ್ದು ಎಲ್ಲರಿಗೂ ನೆನಪಿರಬಹುದು. ಏಜೆಂಟಿನ ಲೈಸೆನ್ಸ್ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಉಂಟಾ ನೋಡಿ, ಐದು ನಿಮಿಷದ ಕೆಲಸ. ಲೈಸೆನ್ಸ್ ಇದ್ದವನೂ ಸರ್ವಿಸ್ ಚಾರ್ಜ್ ಅಂತ 30 ಸಾವಿರ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ತಗೊಳ್ಳುವ ಹಾಗಿಲ್ಲ. ಒಂದೂಕಾಲು ಲಕ್ಷ ಕೇಳಿದ ಅಂದ್ರೆ ಅಲ್ಲಿಗೇ ಎದ್ದು ಬನ್ನಿ.

ಮೊನ್ನೆ ಶುಕ್ರವಾರ ಮುಲ್ಕಿಯಿಂದ ಒಬ್ಬರು ಅಮ್ಮ ಬಂದಿದ್ರು, ಮಗನ ವೀಸಾದ ಜೆರಾಕ್ಸನ್ನು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬ್ಯಾಗಲ್ಲಿ ಜೋಪಾನ ಇಟ್ಟುಕೊಂಡು. ಮಗ ಹೋಗುವಾಗಲೇ ಒಂದು ಕಾಪಿ ಮನೆಯಲ್ಲಿ ಇರ್ಲಿ ಅಂತ ಇಟ್ಟದ್ದಂತೆ, ಕ್ಯಾಲೆಂಡರಲ್ಲಿ ಮುಗಿಯುವ ತಾರೀಕಿಗೆ ಗುರುತೂ ಹಾಕಿದ್ದಾರೆ, ಆ ದಿನ ದಾಟಿದ್ರೂ ಅವ ಬರುವ ಮಾತು ಎತ್ತಲಿಲ್ಲ ಅಂತ ಜೋರು ಮಾಡಿ ಕೇಳಿದ ಮೇಲೆ ಬಾಯಿ ಬಿಟ್ಟಿದ್ದಾನೆ. ನೋಡಿದೆ, 11 ದಿನ. 550 ದಿರ್ಹಂ. ಅಲ್ಲಿಂದಲೇ ಮಗನಿಗೆ ಫೋನ್ ಮಾಡಿ ಏಜೆನ್ಸಿಯವರ ಹತ್ರ ಮಾತಾಡಿಸಿದೆ, ಅಬ್‌ಸ್ಕಾಂಡಿಂಗ್ ಹಾಕಿರಲಿಲ್ಲ, ಹಾಕುವವರಿದ್ದರು. ನಿನ್ನೆ ದಂಡ ಕಟ್ಟಿದ ರಸೀದಿ ವಾಟ್ಸಾಪಲ್ಲಿ ಬಂತು. ಟಿಕೆಟ್ ಬುಧವಾರದ್ದು.