ಬೆಲ್ ಗುಂಡಿ ಸುಮ್ಮನಿರುತ್ತೆ, ಒಳಗಿನ ಡಬ್ಬಿ ಸೆಲ್ ತಿನ್ನುತ್ತೆ

ವಿಜಯಪುರದ ಹಳೇ ಓಣಿಗಳ ಮನೆಗಳಿಗೆ ವೈರ್ ಇಲ್ಲದೆ ಸೆಲ್ ಮೇಲೆ ನಡೆಯುವ ಬೆಲ್ ಹೇಳಿ ಮಾಡಿಸಿದ ಹಾಗಿದೆ. ಕಲ್ಲು-ಮಣ್ಣಿನ ದಪ್ಪ ಗೋಡೆ. ವೈರ್ ಎಳೀಬೇಕು ಅಂದರೆ ಗೋಡೆ ಕೊರೀಬೇಕು. ಅದೂ ಅಲ್ಲದೆ ಕರೆಂಟ್ ಹೋದಾಗಲೂ ಬೆಲ್ ಬಾರಿಸಬೇಕು. ಒತ್ತುವ ಒಂದು ಗುಂಡಿ ಬಾಗಿಲಿಗೆ, ಹಾಡುವ ಒಂದು ಡಬ್ಬಿ ಪಡಸಾಲೆಗೆ, ಕೆಲಸ ಮುಗೀತು.

ಇದಕ್ಕೆ ಒಂದೇ ಒಂದು ಕೆಟ್ಟ ಗುಣ. ಸತ್ತರೆ ಹೇಳುವುದಿಲ್ಲ. ಬಲ್ಬ್ ಹೋದರೆ ಕತ್ತಲಾಗುತ್ತದೆ, ಫ್ಯಾನ್ ನಿಂತರೆ ಸೆಖೆ ಗೊತ್ತಾಗುತ್ತದೆ. ಬೆಲ್ ಕೆಟ್ಟರೆ ಒಳಗೆ ಕೂತ ಅಜ್ಜಿಗೆ ಯಾರೂ ಬಂದೇ ಇಲ್ಲ ಅನಿಸುತ್ತದೆ. ಹೊರಗೆ ಸಿಲಿಂಡರ್ ತಂದವನು ನಾಲ್ಕು ಸಲ ಒತ್ತಿ ಮುಂದಿನ ಮನೆಗೆ ಹೋಗಿರುತ್ತಾನೆ.

ಬೆಲ್ ಬಾರಿಸಲಿಲ್ಲ ಅಂದ ಕೂಡಲೇ ಎಲ್ಲರೂ ಬಾಗಿಲಿನ ಗುಂಡಿಯನ್ನೇ ಬಿಚ್ಚುತ್ತಾರೆ. ಮೊದಲು ಅನುಮಾನ ಪಡಬೇಕಾದ್ದು ಒಳಗಿನ ಡಬ್ಬಿಯ ಮೇಲೆ. ಯಾಕೆ ಅಂದರೆ, ಒತ್ತುವ ತನಕ ಗುಂಡಿಗೆ ಖರ್ಚೇ ಇಲ್ಲ. ಒತ್ತಿದಾಗ ಮಾತ್ರ ಅದರಲ್ಲಿರುವ ಸಣ್ಣ ಚಿಪ್ ಎದ್ದು ತನ್ನ ಗುರುತಿನ ಸಂಖ್ಯೆಯನ್ನು ರೇಡಿಯೋ ಅಲೆಯಲ್ಲಿ ಕಳಿಸುತ್ತದೆ. ಹೆಚ್ಚಿನ ಬೆಲ್‌ಗಳಲ್ಲಿ ಆ ಅಲೆ 433.92 ಮೆಗಾಹರ್ಟ್ಸ್. ಈಗ ಬರುವ ಎಷ್ಟೋ ಗುಂಡಿಗಳಲ್ಲಿ ಗುರುತು 20 ಬಿಟ್ಟಿನದು (ಒಂದೊಂದು ಬಿಟ್ ಅಂದರೆ 0 ಅಥವಾ 1), ಅಂದರೆ 10 ಲಕ್ಷಕ್ಕೂ ಜಾಸ್ತಿ ಬೇರೆ ಬೇರೆ ಸಂಖ್ಯೆಗಳು ಸಾಧ್ಯ. ಪಕ್ಕದ ಮನೆಯವರ ಗುಂಡಿಗೆ ನಮ್ಮ ಬೆಲ್ ಹೊಡೆಯದಿರುವುದು ಇದರಿಂದಲೇ.

ಲೆಕ್ಕ ಹಾಕಿ ನೋಡೋಣ. ಗುಂಡಿಯಲ್ಲಿ ಹೆಚ್ಚಾಗಿ ಕಾಣುವುದು 12 ವೋಲ್ಟಿನ ಗಿಡ್ಡ ಸೆಲ್, ಹೆಸರು 23ಎ. ಕಿರುಬೆರಳಿನ ತುದಿಯಷ್ಟು ಇರುವ ಅದರೊಳಗೆ ಒಂದೂವರೆ ವೋಲ್ಟಿನ ಎಂಟು ಗುಂಡು ಸೆಲ್‌ಗಳು ಒಂದರ ಮೇಲೊಂದು ಕೂತಿರುತ್ತವೆ. ಅಷ್ಟು ಪುಟ್ಟದರಲ್ಲಿ ಹಿಡಿಯುವುದು ಸುಮಾರು 55 ಮಿಲಿಆಂಪಿಯರ್-ಗಂಟೆ ಮಾತ್ರ, ಅಂದರೆ 1 ಮಿಲಿಆಂಪಿಯರ್ ಕರೆಂಟ್ ಎಳೆದರೆ 55 ಗಂಟೆ ಬರುವಷ್ಟು. ಒಂದು ಸಲ ಒತ್ತಿದರೆ ಒಂದು ಸೆಕೆಂಡು 10 ಮಿಲಿಆಂಪಿಯರ್ ಹರಿಯಿತು ಅಂತಿಟ್ಟುಕೊಳ್ಳಿ. ಆಗಲೂ ಕಾಗದದ ಮೇಲೆ 19 ಸಾವಿರಕ್ಕೂ ಜಾಸ್ತಿ ಸಲ ಒತ್ತಬಹುದು. ಅಂಗಡಿಯಲ್ಲಿ ಕೇಳುವಾಗ ಒಂದು ಎಚ್ಚರ: 27ಎ ಅನ್ನುವುದೂ 12 ವೋಲ್ಟೇ, ಆದರೆ ತೆಳ್ಳಗಿರುತ್ತದೆ, 23ಎ ಜಾಗದಲ್ಲಿ ಸಡಿಲವಾಗುತ್ತದೆ. ಹಳೇ ಸೆಲ್ ಕೈಯಲ್ಲಿ ಹಿಡಿದುಕೊಂಡೇ ಹೋಗುವುದು ಒಳ್ಳೆಯದು.

ಈಗ ಡಬ್ಬಿಯ ಕಡೆ ಬನ್ನಿ. ಯಾರು ಯಾವಾಗ ಬರುತ್ತಾರೋ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಹಗಲೂ ರಾತ್ರಿ ಕಿವಿ ತೆರೆದೇ ಇರಬೇಕು. ಅಗ್ಗದ ಬೆಲ್‌ಗಳಲ್ಲಿ ಅಲೆ ಹಿಡಿಯುವ ಸರ್ಕ್ಯೂಟ್ ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1922ರಲ್ಲಿ ಪೇಟೆಂಟ್ ಪಡೆದ ಜಾತಿಯದು. ಬಿಡಿಭಾಗ ಕಮ್ಮಿ, ಕೆಲಸ ಜಾಸ್ತಿ. ನೂರು ವರ್ಷದ ಹಿಂದಿನ ಆ ಜಾಣತನ ಇವತ್ತೂ ನಮ್ಮ ಪಡಸಾಲೆಯಲ್ಲಿ ದುಡಿಯುತ್ತಿದೆ ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಆದರೆ ಬಿಡದೆ ಆನ್ ಇಟ್ಟರೆ ಅದೂ ಸೆಲ್ ತಿನ್ನುತ್ತದೆ. 3 ಮಿಲಿಆಂಪಿಯರ್ ಹಿಡಿದರೂ, 2000 ಮಿಲಿಆಂಪಿಯರ್-ಗಂಟೆಯ ಸೆಲ್‌ಗಳು 28 ದಿನಕ್ಕೇ ಖಾಲಿ.

ಅದಕ್ಕೇ ಒಳ್ಳೆಯ ಬೆಲ್‌ನ ಡಬ್ಬಿ ನಿದ್ದೆ ಮಾಡುತ್ತದೆ. ಸೆಕೆಂಡಿಗೆ ಕೆಲವು ಸಲ ಕ್ಷಣಮಾತ್ರ ಎದ್ದು ಕೇಳಿ, ಮತ್ತೆ ಮಲಗುತ್ತದೆ. ಅದು ಮಲಗಿದ ಹೊತ್ತಲ್ಲೇ ಸಂದೇಶ ಬಂದುಬಿಟ್ಟರೆ? ಅದಕ್ಕಾಗಿ ಗುಂಡಿ ತನ್ನ ಸಂಖ್ಯೆಯನ್ನು ಒಂದೇ ಸಲ ಹೇಳುವುದಿಲ್ಲ, ಮತ್ತೆ ಮತ್ತೆ ಹೇಳುತ್ತದೆ. ಸುಮ್ನೆ ಟಕ್ ಅಂತ ಮುಟ್ಟಿ ಬಿಟ್ಟರೆ ಕೆಲವು ಬೆಲ್‌ಗಳು ಹೊಡೆಯದಿರುವುದು, ಒಂದು ಸೆಕೆಂಡು ಒತ್ತಿ ಹಿಡಿದರೆ ಹೊಡೆಯುವುದು ಇದಕ್ಕೇ. ತಿಂಗಳಿಗೊಮ್ಮೆ ಡಬ್ಬಿಯ ಸೆಲ್ ಮುಗಿಯುತ್ತಿದ್ದರೆ ಅದಕ್ಕೆ ಈ ನಿದ್ದೆಯ ಉಪಾಯವೇ ಇಲ್ಲ ಅಂತ ಹೆಚ್ಚುಕಡಿಮೆ ಹೇಳಬಹುದು. ಅಂಥದ್ದನ್ನು ಬಿಟ್ಟು ಬೇರೆ ಕೊಳ್ಳುವುದೇ ಅಗ್ಗ.

ಡಬ್ಬಿಗೆ ಎಂಥ ಸೆಲ್ ಹಾಕಬೇಕು? ಗಡಿಯಾರಕ್ಕೆ ಹಾಕುವ ಅಗ್ಗದ ಸತು-ಇಂಗಾಲದ ಸೆಲ್ ಬೇಡ, ಆಲ್ಕಲೈನ್ ಹಾಕಿ. ಗಡಿಯಾರ ಹನಿಹನಿಯಾಗಿ ಹೀರುತ್ತದೆ. ಬೆಲ್ ಹಾಡುವಾಗ ಸ್ಪೀಕರ್ ಒಮ್ಮೆಲೇ ಜೋರಾಗಿ ಎಳೆಯುತ್ತದೆ. ಹಳತಾದ ಸೆಲ್ಲಿನ ಒಳ ತಡೆ ಏರಿರುತ್ತದೆ. ಟಾಕಿಯಲ್ಲಿ ನೀರಿದ್ದೂ ಪೈಪ್ ಕಟ್ಟಿಕೊಂಡ ಹಾಗೆ. ಮೀಟರ್ ಹಚ್ಚಿದರೆ 1.4 ವೋಲ್ಟ್ ತೋರಿಸುತ್ತದೆ, ಹಾಡಲು ಶುರುವಾದ ಕೂಡಲೇ ಕುಸಿಯುತ್ತದೆ. ಆದ್ದರಿಂದ ಅಳೆಯುವುದಾದರೆ ಬೆಲ್ ಹೊಡೆಯುತ್ತಿರುವಾಗಲೇ ಅಳೆಯಬೇಕು. ಮೀಟರ್ ಇಲ್ಲದಿದ್ದರೆ ಕಿವಿ ಸಾಕು. ದನಿ ಗೊಗ್ಗರಾದರೆ, ಹಾಡು ಅರ್ಧಕ್ಕೇ ನಿಂತರೆ ಸೆಲ್ ಬದಲಿಸುವ ಹೊತ್ತು ಬಂತು.

ಬದಲಿಸುವಾಗ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಮೂರರಲ್ಲಿ ಎರಡು ಹೊಸದು, ಒಂದು ಹಳೇದು ಹಾಕಿದರೆ ಹಳೇದು ಮೊದಲು ಬರಿದಾಗುತ್ತದೆ. ಉಳಿದೆರಡು ಅದರ ಮೂಲಕವೇ ಕರೆಂಟ್ ನೂಕುತ್ತವೆ. ಒಳಗೆ ಹೈಡ್ರೋಜನ್ ಹುಟ್ಟಿ, ಒತ್ತಡ ಏರಿ, ಸೀಲು ಬಿಟ್ಟು ರಸ ಸೋರುತ್ತದೆ. ಆಲ್ಕಲೈನ್ ಸೆಲ್ಲಿನ ಆ ರಸ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಬಿಳಿ ಪುಡಿಯಾಗುತ್ತದೆ. ಡಬ್ಬಿಯ ಮುಚ್ಚಳ ತೆಗೆದಾಗ ಸ್ಪ್ರಿಂಗ್ ಸುತ್ತ ಉಪ್ಪಿನ ಹಾಗೆ ಕಾಣುತ್ತಲ್ವಾ, ಅದೇ ಅದು. ಇದು ಕ್ಷಾರ, ಹಾಗಾಗಿ ಹುಳಿಗೆ ಕರಗುತ್ತದೆ. ಮೊದಲು ಸೆಲ್‌ಗಳನ್ನು ತೆಗೆದುಬಿಡಿ. ಹತ್ತಿಕಡ್ಡಿಗೆ ನಿಂಬೆರಸ ಅದ್ದಿ ಸವರಿದರೆ ಸಣ್ಣಗೆ ನೊರೆ ಬರುತ್ತದೆ. ನೊರೆ ನಿಂತ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಬರಿಗೈಯಲ್ಲಿ ಮುಟ್ಟಬಾರದು, ಕಣ್ಣಿಗಂತೂ ತಾಗಲೇಬಾರದು. ಮರಳು ಕಾಗದದಿಂದ ಉಜ್ಜುವವರಿದ್ದಾರೆ. ಮೇಲಿನ ಲೇಪ ಹೋಗಿ ಕೆಳಗಿನ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಅದು ಬೇಡ.

ಇನ್ನು ನಮ್ಮ ಊರುಗಳ ಬಿಸಿಲು-ಮಳೆ. ವಿಜಯಪುರದಲ್ಲಿ ಏಪ್ರಿಲ್-ಮೇ ಅಂದರೆ 40 ಡಿಗ್ರಿ ದಾಟುತ್ತದೆ. ಪಡುವಣ ದಿಕ್ಕಿನ ಬಾಗಿಲಿನ ಕಪ್ಪು ಗುಂಡಿ ಇನ್ನೂ ಕಾಯುತ್ತದೆ. ಸೆಲ್‌ಗಳು ಬಳಸದಿದ್ದರೂ ಒಳಗೊಳಗೇ ಸವೆಯುತ್ತವೆ, ಬಿಸಿಯಲ್ಲಿ ಆ ಸವೆತ ಜೋರಾಗುತ್ತದೆ. ಗುಂಡಿಯ ಹಿಂದಿನ ಅಂಟುಪಟ್ಟಿಯೂ ಮೆತ್ತಗಾಗಿ ಜಾರುತ್ತದೆ. ಎರಡು ಸ್ಕ್ರೂ ಹಾಕಿಬಿಡಿ. ಬೆಳಗಾವಿಯಲ್ಲಿ ತೊಂದರೆಯೇ ಬೇರೆ. ಜೂನ್‌ನಿಂದ ಹಿಡಿಯುವ ಮಳೆಗೆ ತೇವ ಒಳಗಿಳಿದು ತಾಮ್ರಕ್ಕೆ ಹಸಿರು ಹಿಡಿಯುತ್ತದೆ. ಪ್ಲಾಸ್ಟಿಕ್ ಸುತ್ತಿದರೆ ಆ ತೇವ ಒಳಗೇ ಉಳಿಯುತ್ತದೆ, ಅದಕ್ಕಿಂತ ಮೇಲೊಂದು ಸಣ್ಣ ಸೂರು ಮಾಡಿಸುವುದು ಮೇಲು.

ಬಾಗಲಕೋಟೆಯ ನವನಗರದಂಥ ಕಡೆ ಕಾಂಪೌಂಡಿನ ಕಬ್ಬಿಣದ ಗೇಟಿಗೇ ಗುಂಡಿ ಅಂಟಿಸುವುದುಂಟು. ಗುಂಡಿಯ ರೇಡಿಯೋ ಅಲೆ ಹೊರಡಿಸುವ ಪುಟ್ಟ ತಂತಿಯ ಬೆನ್ನಿಗೇ ಕಬ್ಬಿಣ ಬಂದರೆ ಅಲೆಯ ಬಲ ತಗ್ಗುತ್ತದೆ. ಬೆಲ್ ಬಂದ ಪೆಟ್ಟಿಗೆಯ ಮೇಲೆ ಬರೆದ 100 ಮೀಟರ್ ದೂರ ಬಯಲಿನ ಲೆಕ್ಕ, ಗೇಟು-ಗೋಡೆಗಳ ಲೆಕ್ಕ ಅಲ್ಲ. ಗುಂಡಿಯ ಹಿಂದೆ ಎರಡು ಬೆರಳು ದಪ್ಪದ ಕಟ್ಟಿಗೆಯ ತುಂಡು ಇಟ್ಟು ನೋಡಿ. ಒಳಗೆ ಡಬ್ಬಿಯನ್ನು ಫ್ರಿಜ್, ಕಬ್ಬಿಣದ ತಿಜೋರಿಗಳ ಹಿಂದೆ ಇಡಬೇಡಿ.

ಕೆಲವು ಗುಂಡಿಗಳಲ್ಲಿ 23ಎ ಬದಲು ನಾಣ್ಯದಂಥ ಸಿಆರ್2032 ಇರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದರ ಬಗ್ಗೆ ತುಂಬಾ ಜಾಗ್ರತೆ ಬೇಕು. ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಅಲ್ಲಿನ ತೇವದಲ್ಲಿ ಕರೆಂಟ್ ಹರಿದು ಕ್ಷಾರ ಹುಟ್ಟಿ, ಎರಡೇ ಗಂಟೆಯಲ್ಲಿ ಆಳವಾಗಿ ಸುಡುತ್ತದೆ. ಬರಿದಾದ ಸೆಲ್ಲಿಗೂ ಆ ಶಕ್ತಿ ಇರುತ್ತದೆ. ವಾಂತಿ ಮಾಡಿಸಬಾರದು, ಕಾಯಬಾರದು, ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತೆಗೆದ ಹಳೇ ಸೆಲ್ಲಿನ ಎರಡೂ ಬದಿಗೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ಇ-ಕಸ ತಗೊಳ್ಳುವವರಿಗೆ ಕೊಡಿ.

ಸೆಲ್ಲೇ ಇಲ್ಲದ ಗುಂಡಿಗಳೂ ಈಗ ಬಂದಿವೆ. ಒತ್ತಿದಾಗ ಸುರುಳಿಯೊಳಗೆ ಅಯಸ್ಕಾಂತ ಟಕ್ ಅಂತ ಜಿಗಿಯುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವದಂತೆ ಅಲ್ಲಿ ಒಂದಿಷ್ಟು ಕರೆಂಟ್ ಹುಟ್ಟುತ್ತದೆ, ಗುರುತಿನ ಸಂಖ್ಯೆ ಕಳಿಸಲು ಅಷ್ಟೇ ಸಾಕು. ಕೊಳ್ಳುವ ಮುಂಚೆ ಅದರ ಡಬ್ಬಿಯನ್ನೂ ತಿರುಗಿಸಿ ನೋಡಿ. ಇಂಥವುಗಳಲ್ಲಿ ಹೆಚ್ಚಿನವು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥವು, ಕರೆಂಟ್ ಹೋದರೆ ಬಾರಿಸುವುದಿಲ್ಲ. ಲೋಡ್‌ಶೆಡ್ಡಿಂಗ್ ಇರುವ ಓಣಿಗೆ ಅದನ್ನು ಇನ್ವರ್ಟರ್ ಲೈನಿಗೆ ಹಾಕಬೇಕು, ಇಲ್ಲವೇ ಸೆಲ್ಲಿನ ಡಬ್ಬಿ ಇರುವುದನ್ನೇ ತರಬೇಕು.