ಸುಟ್ಟಿದ್ದು ರಿಲೇ, ಸುಟ್ಟವರು ಬೇರೆ

ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಅಂಗಡಿಗೆ ಬಂದು, ಜೇಬಿನಿಂದ ಮೂರು ರಿಲೇ ತೆಗೆದು ನನ್ನ ಮುಂದಿಟ್ಟ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಪುಟ್ಟ ಸ್ವಿಚ್ಚು. ಇವು ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಫ್ಯೂಯೆಲ್ ಪಂಪಿಗೆ ಹಾಕಿದ್ದವು. ಮೂರೂ ಒಂದೇ ಕಾಲಿನ, ಅಂದರೆ ಪಿನ್ನಿನ, ಹತ್ತಿರ ಕಂದು ಬಣ್ಣಕ್ಕೆ ತಿರುಗಿದ್ದವು. "ಅಣ್ಣ, ಮೂರು ತಿಂಗಳಲ್ಲಿ ಮೂರು ಹೋಯ್ತು. ಒಳ್ಳೇ ಕಂಪನೀದು ಒಂದು ಕೊಡಿ" ಅಂದ.

ಅವನದು ಹಳೆಯ ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಗೂಡ್ಸ್ ಗಾಡಿ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತಾನೆ. ನರಸಾಪುರ ದಾಟುವಷ್ಟರಲ್ಲಿ ಗಾಡಿ ನಿಂತುಬಿಡುತ್ತದೆ. ಅರ್ಧ ಗಂಟೆ ಸುಮ್ನೆ ಬಿಟ್ಟರೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್ ಆಗುತ್ತದೆ.

ನಾನು ರಿಲೇ ಕೊಡಲಿಲ್ಲ. ಗಾಡಿ ತಗೊಂಡು ಬಾ ಅಂದೆ. ಅವನಿಗೆ ಸಿಟ್ಟು ಬಂತು. ಈ ಸಿಟ್ಟು ನನಗೆ ಹೊಸದಲ್ಲ. ವಾರಕ್ಕೊಬ್ಬರಾದರೂ ಹೀಗೆ ಬರುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಸಮಾಧಾನದ ಮಾತು. ಫ್ಯೂಯೆಲ್ ಪಂಪ್ ರಿಲೇ ಬೆಚ್ಚಗಿರುವುದು ರೋಗವಲ್ಲ. ಗಾಡಿ ಓಡುವಷ್ಟು ಹೊತ್ತೂ ಅದರೊಳಗಿನ ಸ್ವಿಚ್ಚನ್ನು ಎಳೆದು ಹಿಡಿಯುವ ತಂತಿ ಸುರುಳಿಯಲ್ಲಿ, ಅಂದರೆ ಕಾಯಿಲ್‌ನಲ್ಲಿ, ಕರೆಂಟ್ ಹರಿಯುತ್ತಿರುತ್ತದೆ. 12 ವೋಲ್ಟ್ ರಿಲೇ ಆದರೆ ಅದೊಂದರಿಂದಲೇ ಸುಮಾರು 2 ವಾಟ್ ಶಾಖ. ಬೆರಳಿಟ್ಟರೆ ಬಿಸಿ ತಾಗಬೇಕಾದ್ದೇ. ಆದರೆ ಮೂರು ನಾಲ್ಕು ಸೆಕೆಂಡ್ ಬೆರಳಿಡಲು ಆಗದಿದ್ದರೆ, ಪ್ಲಾಸ್ಟಿಕ್ ಬಣ್ಣ ತಿರುಗಿದ್ದರೆ, ವಾಸನೆ ಬಂದರೆ ಆಗ ನೋಡಬೇಕು.

ಈಗ ಜನಕ್ಕೆ ತಲೆಗೆ ಹೋಗದ ಸಂಗತಿಗೆ ಬರುತ್ತೇನೆ. ರಿಲೇ ಸುಟ್ಟಿದೆ ಅಂದರೆ ರಿಲೇಯೇ ಕೆಟ್ಟದ್ದು ಅಂತ ಅರ್ಥ ಅಲ್ಲ. ಹೆಚ್ಚಿನ ಸಲ ಶಾಖ ಹುಟ್ಟುವುದು ರಿಲೇಯ ಕಾಲು ಕೂರುವ ಸಾಕೆಟ್ಟಿನ ಹಿಡಿತದಲ್ಲಿ. ಆ ಹಿತ್ತಾಳೆಯ ಹಿಡಿತ ಹತ್ತು ಹದಿನೈದು ವರ್ಷದ ಅಲುಗಾಟಕ್ಕೆ ಸಡಿಲವಾಗಿರುತ್ತದೆ, ಒಳಗೆ ಕಿಲುಬು ಕೂತಿರುತ್ತದೆ. ಪಂಪ್ 6 ಆಂಪಿಯರ್ ಎಳೆಯುತ್ತಿದೆ ಅಂತಿಟ್ಟುಕೊಳ್ಳಿ. ಸಡಿಲವಾದ ಜಾಗದಲ್ಲಿ ಬರೀ 0.2 ಓಮ್ ತಡೆ ಇದ್ದರೂ ಅಲ್ಲಿ 7 ವಾಟ್‌ಗಿಂತ ಜಾಸ್ತಿ ಶಾಖ ಹುಟ್ಟುತ್ತದೆ. ನಿಮ್ಮ ಗಾಡಿಯ ಪಾರ್ಕಿಂಗ್ ಬಲ್ಬು 5 ವಾಟ್. ಉರಿಯುತ್ತಿರುವ ಆ ಬಲ್ಬನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಅದಕ್ಕಿಂತ ಜಾಸ್ತಿ ಬಿಸಿ ಒಂದು ಪಿನ್ನಿನ ಬುಡದಲ್ಲಿ, ಗಾಳಿಯಾಡದ ಪೆಟ್ಟಿಗೆಯೊಳಗೆ, ಬೆಂಗಳೂರಿನ ತನಕ.

"ಹಂಗಾದ್ರೆ ಫ್ಯೂಸ್ ಯಾಕೆ ಹೋಗಲಿಲ್ಲ?" ಎಲ್ಲರೂ ಕೇಳುತ್ತಾರೆ. ಫ್ಯೂಸ್ ಮಾರುಕಟ್ಟೆ ಗೇಟಿನ ಕಾವಲುಗಾರನಿದ್ದ ಹಾಗೆ. ಎಷ್ಟು ಗಾಡಿ ಒಳಗೆ ಹೋದವು ಅಂತ ಎಣಿಸುವುದಷ್ಟೇ ಅವನ ಕೆಲಸ. ಮುಂದೆ ಕಿರಿದಾದ ಓಣಿಯಲ್ಲಿ ಗಾಡಿಗಳು ಗೋಡೆಗೆ ಒರೆಸಿಕೊಂಡು ಹೋಗುತ್ತಿದ್ದರೆ ಅವನಿಗೆ ಕಾಣುವುದಿಲ್ಲ. ಲೆಕ್ಕದಲ್ಲಿ ಒಂದೂ ಜಾಸ್ತಿ ಇಲ್ಲವಲ್ಲ! ಲೂಸ್ ಪಿನ್ ಎಷ್ಟೇ ಸುಟ್ಟರೂ ಕರೆಂಟ್ ಫ್ಯೂಸಿನ ಮಿತಿಯಾದ 15 ಆಂಪಿಯರ್ ದಾಟುವುದಿಲ್ಲ, ಫ್ಯೂಸ್ ತಣ್ಣಗೆ ಕೂತಿರುತ್ತದೆ. ಇನ್ನು ಕೆಲವರು 15ರ ಜಾಗಕ್ಕೆ 30ರ ಫ್ಯೂಸ್ ಹಾಕಿಕೊಂಡು ಬರುತ್ತಾರೆ. ಅವರಿಗೆ ನಾನು ಏನೂ ಹೇಳುವುದಿಲ್ಲ, ಫ್ಯೂಸ್ ಕಿತ್ತು ಡ್ರಾಯರ್‌ನಲ್ಲಿ ಹಾಕಿಕೊಳ್ಳುತ್ತೇನೆ.

ಪತ್ತೆ ಹಚ್ಚುವುದು ಮೀಟರಿನಲ್ಲಿ, ಅದೂ ಗಾಡಿ ಬಿಸಿಯಾಗಿರುವಾಗ. ತಣ್ಣಗಿದ್ದಾಗ ಎಲ್ಲವೂ ಸರಿಯಾಗೇ ಕಾಣುತ್ತದೆ. ಬಿಸಿಯಾದ ಕಾಯಿಲ್‌ನ ತಡೆ ಏರಿ ಅದರ ಎಳೆತ ಕಮ್ಮಿಯಾಗುತ್ತದೆ, ಒಳಗಿನ ಬಿರುಕು ಬಿಟ್ಟ ಬೆಸುಗೆ ಬಾಯಿ ಬಿಡುತ್ತದೆ. ತಣಿದ ಮೇಲೆ ಎರಡೂ ಮೊದಲಿನ ಹಾಗೆ. ಎಂಜಿನ್ ಓಡುತ್ತಿರಲಿ, ರಿಲೇ ಸಾಕೆಟ್ಟಿನಲ್ಲೇ ಇರಲಿ. ರಿಲೇಯ ಕಾಲುಗಳ ಮೇಲೆ ನಂಬರ್ ಇರುತ್ತದೆ: 30 ಬ್ಯಾಟರಿಯಿಂದ ಕರೆಂಟ್ ಬರುವ ಕಾಲು, 87 ಪಂಪಿಗೆ ಹೋಗುವ ಕಾಲು. ಹಿಂಬದಿಯಿಂದ ತೆಳು ಪಿನ್ ತೂರಿಸಿ 30ಕ್ಕೂ 87ಕ್ಕೂ ನಡುವೆ ವೋಲ್ಟೇಜ್ ನೋಡಿ. ನನ್ನ ರೂಢಿಯಲ್ಲಿ 0.1ರ ಆಸುಪಾಸು ಇದ್ದರೆ ಸರಿ, ಅರ್ಧ ವೋಲ್ಟ್ ಬಂದರೆ ಅಲ್ಲೇ ಕಳ್ಳ ಇದ್ದಾನೆ. ಬ್ಯಾಟರಿಯಿಂದ 30ರ ತನಕ, 87ರಿಂದ ಪಂಪಿನ ತನಕ, ಪಂಪಿನ ಅರ್ತ್‌ನಿಂದ ಬ್ಯಾಟರಿಯ ತನಕ ಹೀಗೇ ತುಂಡು ತುಂಡಾಗಿ ನೋಡಿ. ಹಾರ್ನ್ ರಿಲೇ ಕಿತ್ತು ಇಲ್ಲಿ ಹಾಕಿ ನೋಡುವವರಿದ್ದಾರೆ. ತಪ್ಪಿಲ್ಲ, ನಂಬರ್ ಒಂದೇ ಇದ್ದರೆ. ಅದೂ ಇದೇ ಜಾಗದಲ್ಲಿ ಸುಟ್ಟರೆ ದೋಷ ಜಾಗದ್ದು ಅಂತಾದರೂ ಗೊತ್ತಾಗುತ್ತದಲ್ಲ.

ವೈರಿಂಗ್ ಸರಿಯಿದ್ದೂ ಸುಡುತ್ತಿದ್ದರೆ ಪಂಪ್ ಎಷ್ಟು ಎಳೆಯುತ್ತಿದೆ ಅಂತ ಅಳೆಯಬೇಕು. ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಬೇಕು, ಮನೆ ವೈರಿಂಗಿನವರ ಹತ್ತಿರ ಇರುವ ಅಗ್ಗದ್ದು ಹೆಚ್ಚಾಗಿ ಎಸಿ ಮಾತ್ರ ತೋರಿಸುತ್ತದೆ. ಸರಿಯಾದ ಅಂಕಿ ಗಾಡಿಯಿಂದ ಗಾಡಿಗೆ ಬೇರೆ, ಸರ್ವಿಸ್ ಪುಸ್ತಕದಲ್ಲಿ ನೋಡಿ. ಫಿಲ್ಟರ್ ಕಟ್ಟಿಕೊಂಡಿದ್ದರೆ ಪಂಪ್ ಮುಕ್ಕಿರಿದು ಜಾಸ್ತಿ ಎಳೆಯುತ್ತದೆ. ಗ್ಯಾಸ್ ಕಿಟ್ ಹಾಕಿಸಿಕೊಂಡು ಪೆಟ್ರೋಲನ್ನು ಸದಾ ರಿಸರ್ವ್‌ನಲ್ಲೇ ಇಟ್ಟುಕೊಳ್ಳುವ ಜಾಣರೂ ಇದ್ದಾರೆ. ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದೇ ಆ ಪೆಟ್ರೋಲ್, ಸ್ವಾಮಿ.

ದಯವಿಟ್ಟು ರಿಲೇ ಬಿಟ್ಟು ವೈರ್ ಡೈರೆಕ್ಟ್ ಕೊಡಬೇಡಿ. ಎಂಜಿನ್ ನಿಂತರೆ ಪಂಪ್ ಕೂಡ ನಿಲ್ಲಬೇಕು ಅಂತಲೇ ಆ ವ್ಯವಸ್ಥೆ ಇರುವುದು. ಗಾಡಿ ಪಲ್ಟಿಯಾಗಿ ಪೈಪ್ ಹರಿದಾಗಲೂ ಡೈರೆಕ್ಟ್ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಹುಡುಗ ಮಾರನೇ ದಿನ ಗಾಡಿ ತಂದ. 30ರ ಪಿನ್ನಿನಲ್ಲೇ 0.9 ವೋಲ್ಟ್ ಕಳೆದುಹೋಗುತ್ತಿತ್ತು. ಯಾರೋ ಇಕ್ಕಳದಲ್ಲಿ ಹಿಡಿತವನ್ನು ಒತ್ತಿ ಬಿಗಿ ಮಾಡಿದ್ದರು. ಒಮ್ಮೆ ಸುಟ್ಟ ಹಿತ್ತಾಳೆಗೆ ಸ್ಪ್ರಿಂಗ್ ಗುಣ ಉಳಿದಿರುವುದಿಲ್ಲ, ಒತ್ತಿದರೂ ಎರಡು ದಿನ ಅಷ್ಟೇ. ಸಾಕೆಟ್ಟಿನ ತುದಿ ಕತ್ತರಿಸಿ, ವೈರ್ ಕಪ್ಪಾಗಿದ್ದಷ್ಟನ್ನೂ ತೆಗೆದು, ಮೊದಲಿದ್ದ ದಪ್ಪದ್ದೇ ವೈರಿಗೆ ಹೊಸ ಟರ್ಮಿನಲ್ ಒತ್ತಿ ಕೂರಿಸಿದೆ. ರಿಲೇಯನ್ನೂ ಬದಲಿಸಿದೆ, ಯಾಕೆಂದರೆ ಸುಟ್ಟ ಕಾಲು ಹೊಸ ಹಿಡಿತವನ್ನೂ ಹಾಳು ಮಾಡುತ್ತದೆ. ಅವನಿಗೆ ಕೊನೆಗೂ ಹೊಸ ರಿಲೇ ಸಿಕ್ಕಿತು.

ಆಗ ನೋಡಿದರೆ ಪಕ್ಕದ ಹಾರ್ನ್ ರಿಲೇ ಜಾಗ ಖಾಲಿ. ಮೂರನೆಯದು ಅಲ್ಲಿಂದ ಕಿತ್ತದ್ದಂತೆ. ಟೊಮೆಟೊ ಲೋಡು, ರಾತ್ರಿ ರಸ್ತೆ, ಹಾರ್ನ್ ಇಲ್ಲ. "ಮತ್ತೆ ಇಷ್ಟು ದಿನ ಹೆಂಗಪ್ಪಾ ಓಡಿಸಿದೆ?" ಅಂದೆ.

"ಕಿಟಕಿಯಿಂದ ಕೂಗ್ತಿದ್ದೆ ಅಣ್ಣ" ಅಂದ.