ಬೆಂಗಳೂರಲ್ಲಿ ಚಂದ್ರ ಬಂದ, ಡೊಂಬಿವಲಿಯಲ್ಲಿ ಇನ್ನೂ ಇಲ್ಲ

ಪ್ರತಿ ತಿಂಗಳು ಸಂಕಷ್ಟಿಯ ರಾತ್ರಿ, ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಯ ಬೆಲ್ ಒಮ್ಮೆ ಬಾರಿಸುತ್ತದೆ. ಕೆಳಗಿನ ಮಹಡಿಯಲ್ಲಿ ಉಡುಪಿ ಕಡೆಯ ಅಮ್ಮ ಒಬ್ಬರಿದ್ದಾರೆ. ಉಪವಾಸ ಇರುತ್ತಾರೆ, ಚಂದ್ರನನ್ನು ನೋಡದೆ ಊಟ ಮಾಡುವುದಿಲ್ಲ. "ಹೌದಾ ಮಾರಾಯ್ರೆ, ಬೆಂಗಳೂರಲ್ಲಿ ತಂಗಿ ಚಂದ್ರನ್ನ ನೋಡಿ ಊಟಕ್ಕೆ ಕೂತೂ ಆಯ್ತಂತೆ. ನಮ್ಮ ಚಂದ್ರ ಎಲ್ಲಿ?" ಎಂದು ಕೇಳುತ್ತಾರೆ. ತಾರಾಲಯದಲ್ಲಿ ಕೆಲಸ ಮಾಡುವವನ ಹತ್ತಿರ ಚಂದ್ರನ ಲೆಕ್ಕ ಇರಲೇಬೇಕು ಎಂಬುದು ಅವರ ನಂಬಿಕೆ. ಆ ನಂಬಿಕೆ ನನಗೆ ಇಷ್ಟ.

ಮೊದಲ ಉತ್ತರ ಸುಲಭ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಬೆಂಗಳೂರು ಡೊಂಬಿವಲಿಗಿಂತ ಸುಮಾರು ನಾಲ್ಕೂವರೆ ಡಿಗ್ರಿ ಪೂರ್ವಕ್ಕಿದೆ. ಅಂದರೆ ಅಲ್ಲಿ ಚಂದ್ರ ಸುಮಾರು 18 ನಿಮಿಷ ಮೊದಲೇ ಕಾಣಬೇಕು. ಇದನ್ನು ಹೇಳಿದ ಕೆಲವೇ ತಿಂಗಳಲ್ಲಿ ಅವರು ಮತ್ತೆ ಬಂದರು. "ನೀವು 18 ಅಂದಿರಿ. ಈ ಸಲ ಹತ್ತು ನಿಮಿಷವೂ ಆಗಲಿಲ್ಲ. ಮೊನ್ನೆ ಮೇ ತಿಂಗಳಲ್ಲಿ ಅರ್ಧ ಗಂಟೆ ಕಾಯಿಸಿದ್ದ." ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಹೊತ್ತು ಬರೆದಿಟ್ಟಿದ್ದರು. ಅವರು ಹೇಳಿದ್ದು ಸರಿಯೇ.

ಡೊಂಬಿವಲಿ ಬೆಂಗಳೂರಿಗಿಂತ ಪಶ್ಚಿಮಕ್ಕಷ್ಟೇ ಅಲ್ಲ, ಆರು ಡಿಗ್ರಿ ಉತ್ತರಕ್ಕೂ ಇದೆ. ಬೇಸಿಗೆಯಲ್ಲಿ ಉತ್ತರಕ್ಕೆ ಹೋದಷ್ಟೂ ಹಗಲು ದೊಡ್ಡದು, ಸೂರ್ಯ ಬೇಗ ಹುಟ್ಟುತ್ತಾನೆ. ಚಂದ್ರನಿಗೂ ಅದೇ ನಿಯಮ. ನವೆಂಬರಿನ ಸಂಕಷ್ಟಿ ಚಂದ್ರ, ಬೇಸಿಗೆಯ ಸೂರ್ಯ ಇರುವ ಉತ್ತರದ ದಾರಿಯಲ್ಲಿ ಇರುತ್ತಾನೆ. ಆಗ ಉತ್ತರದವರಾದ ನಮಗೆ ಸ್ವಲ್ಪ ರಿಯಾಯಿತಿ ಸಿಗುತ್ತದೆ, ಅಂತರ ಹತ್ತು ನಿಮಿಷದೊಳಗೆ ಇಳಿಯುತ್ತದೆ. ಮೇ ತಿಂಗಳ ಸಂಕಷ್ಟಿ ಚಂದ್ರ ದಕ್ಷಿಣದ ದಾರಿಯಲ್ಲಿ. ಆಗ ಲಾಭ ಬೆಂಗಳೂರಿಗೆ, ಅಂತರ ಅರ್ಧ ಗಂಟೆಯ ಹತ್ತಿರ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ತಾರಾಲಯದ ಗುಮ್ಮಟದ ನಡುವೆ ಹಳೆಯ ಕಾಲದ ಯಂತ್ರ ಇತ್ತು. ಇರುವೆಯ ಹಾಗೆ ಎರಡು ದಪ್ಪ ತಲೆ, ಮಧ್ಯೆ ಸಣ್ಣ ನಡು. ಅದನ್ನು ನಡೆಸುವ ಮೇಜಿನ ಮೇಲೆ ಹಳೆ ರೇಡಿಯೊದಲ್ಲಿದ್ದಂಥ ತಿರುಗಿಸುವ ಗುಂಡಿಗಳು. ಒಂದು ತಿರುಗಿಸಿದರೆ ದಿನದ ತಿರುಗುವಿಕೆ. ಇನ್ನೊಂದಕ್ಕೆ ವರ್ಷದ ಓಟ, ಸೂರ್ಯ ಚಂದ್ರ ಗ್ರಹಗಳೆಲ್ಲ ಅವರವರ ವೇಗದಲ್ಲಿ ಹೊರಡುತ್ತವೆ. ಮೂರನೆಯದು ಊರನ್ನು ಬದಲಿಸುತ್ತದೆ, ಉತ್ತರಕ್ಕೆ ಅಥವಾ ದಕ್ಷಿಣಕ್ಕೆ. ನಾಲ್ಕನೆಯದು ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ಓಲಾಡುವುದು. ಹೊರಗಿನ ಆಕಾಶದಲ್ಲಿ ಈ ನಾಲ್ಕೂ ಒಟ್ಟಿಗೆ ನಡೆಯುತ್ತಿರುತ್ತವೆ. ಗುಮ್ಮಟದಡಿ ಮಾತ್ರ ಮೂರನ್ನು ನಿಲ್ಲಿಸಿ ಒಂದನ್ನೇ ಓಡಿಸಬಹುದು. ಈಗಲೂ ಯಾರಾದರೂ ಆಕಾಶದ ಪ್ರಶ್ನೆ ಕೇಳಿದರೆ, ಇದು ಯಾವ ಗುಂಡಿ ಎಂದೇ ನನ್ನ ಮನಸ್ಸು ಮೊದಲು ಹುಡುಕುತ್ತದೆ. ಆ ಅಮ್ಮನ ಪ್ರಶ್ನೆಗೆ ಎರಡು ಗುಂಡಿ ಬೇಕಿತ್ತು. ನಾನು ಒಂದನ್ನೇ ತಿರುಗಿಸಿದ್ದೆ.

ಅವರೇ ಇನ್ನೊಂದು ಸಲ ನನ್ನನ್ನು ತಿದ್ದಿದರು. ಗಣೇಶೋತ್ಸವದ ಸಭೆಯಲ್ಲಿ ಮಕ್ಕಳಿಗೆ ಮಾತಾಡುತ್ತ, ಡಿಸೆಂಬರ್ 21-22ಕ್ಕೆ ಹಗಲು ತೀರಾ ಚಿಕ್ಕದು, ಆಗಲೇ ಎಲ್ಲಕ್ಕಿಂತ ಬೇಗ ಕತ್ತಲಾಗುತ್ತದೆ ಎಂದುಬಿಟ್ಟೆ. ಕಾರ್ಯಕ್ರಮ ಮುಗಿದ ಮೇಲೆ ಅವರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನಾನು ದಿನಾ ಮುಸ್ಸಂಜೆಗೆ ದೀಪ ಇಡುವವಳು. ಬೇಗ ಕತ್ತಲಾಗುವುದು ಕಾರ್ತಿಕದಲ್ಲಿ. ಧನುರ್ಮಾಸಕ್ಕೆ ಸಂಜೆ ಆಗಲೇ ಉದ್ದ ಆಗಿರ್ತದೆ."

ಮುಂಬಯಿಯಲ್ಲಿ ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗುವುದು ನವೆಂಬರ್ ಕೊನೆಯ ವಾರದ ಹೊತ್ತಿಗೆ, ಹೆಚ್ಚು ಕಡಿಮೆ ಸಂಜೆ 6ಕ್ಕೆ. ಡಿಸೆಂಬರ್ 21ಕ್ಕೆ ಅದು ಆಗಲೇ ಐದಾರು ನಿಮಿಷ ಮುಂದೆ ಹೋಗಿರುತ್ತದೆ. ಬೆಳಗ್ಗೆ ಎಲ್ಲಕ್ಕಿಂತ ತಡವಾಗಿ ಹುಟ್ಟುವುದು ಜನವರಿ ನಡುವೆ, ಸುಮಾರು 7:15ಕ್ಕೆ. ಸಂಕ್ರಾಂತಿ ಆದ ಮೇಲೂ 7 ಗಂಟೆಯ ಲೋಕಲ್ ಹಿಡಿಯುವವರು ಪ್ಲಾಟ್‌ಫಾರ್ಮಿನಲ್ಲಿ ಸೂರ್ಯ ಕಾಣದೆ ನಿಂತಿರುವುದು ಇದೇ ಕಾರಣಕ್ಕೆ. ಹಗಲಿನ ಉದ್ದ ಒಂದು ಕಥೆ. ಮಧ್ಯಾಹ್ನ, ಅಂದರೆ ಸೂರ್ಯ ಆ ದಿನ ಎಲ್ಲಕ್ಕಿಂತ ಮೇಲಿರುವ ಹೊತ್ತು, ಯಾವಾಗ ಆಗುತ್ತದೆ ಎಂಬುದು ಇನ್ನೊಂದು ಕಥೆ. ನಾವು ಎರಡನ್ನೂ ಒಂದೇ ಅಂದುಕೊಂಡಿರುತ್ತೇವೆ.

ಭೂಮಿ ತನ್ನ ಸುತ್ತ ಒಂದು ಪೂರ್ತಿ ಸುತ್ತು ಹಾಕಲು ಬೇಕಾದ ಹೊತ್ತು 24 ಗಂಟೆ ಅಲ್ಲ. 23 ಗಂಟೆ 56 ನಿಮಿಷ. ಆದರೆ ಆ ಹೊತ್ತಿಗೆ ಭೂಮಿ ಸೂರ್ಯನ ಸುತ್ತಲಿನ ದಾರಿಯಲ್ಲೂ ಒಂದಿಷ್ಟು ಮುಂದೆ ಹೋಗಿರುತ್ತದೆ. ಸೂರ್ಯನನ್ನು ಮತ್ತೆ ನೆತ್ತಿಗೆ ತರಲು ಇನ್ನೂ ಸುಮಾರು ಒಂದು ಡಿಗ್ರಿ ತಿರುಗಬೇಕು. ಅದಕ್ಕೆ ಬಾಕಿ 4 ನಿಮಿಷ. ಈ ಬಾಕಿ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ತೀರಾ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್. ಆಗ ಓಟವೂ ಜೋರು, ಸೆಕೆಂಡಿಗೆ 30.3 ಕಿಲೋಮೀಟರ್. ಜುಲೈಯಲ್ಲಿ ದೂರ ಜಾಸ್ತಿ, ವೇಗ 29.3ಕ್ಕೆ ಇಳಿಯುತ್ತದೆ. ಇದರ ಜೊತೆಗೆ ಭೂಮಿಯ ಅಕ್ಷ 23.4 ಡಿಗ್ರಿ ವಾಲಿದೆ. ಅದರಿಂದ ಜೂನ್ ಮತ್ತು ಡಿಸೆಂಬರಿನಲ್ಲಿ ಸೂರ್ಯನ ಸರಿದಾಟವೆಲ್ಲ ನೇರ ಪೂರ್ವಕ್ಕೇ ಆಗಿ, ಬಾಕಿ ಇನ್ನೂ ಏರುತ್ತದೆ. ಡಿಸೆಂಬರಿನಲ್ಲಿ ಎರಡೂ ಕೂಡಿಕೊಳ್ಳುತ್ತವೆ. ತಿಂಗಳ ಕೊನೆಗೆ ಒಂದು ಮಧ್ಯಾಹ್ನದಿಂದ ಮರುದಿನದ ಮಧ್ಯಾಹ್ನಕ್ಕೆ 24 ಗಂಟೆ 30 ಸೆಕೆಂಡ್ ಆಗುತ್ತದೆ.

ಮೂವತ್ತು ಸೆಕೆಂಡ್ ಏನು ಮಹಾ ಅನ್ನಿಸಬಹುದು. ದಿನಾ ಸೇರಿಸುತ್ತ ಹೋಗಿ. ನವೆಂಬರ್ ಕೊನೆಯಿಂದ ಜನವರಿ ನಡುವಿನ ತನಕ ನಮ್ಮ ನಿಜವಾದ ಮಧ್ಯಾಹ್ನ ಸುಮಾರು 22 ನಿಮಿಷ ಮುಂದಕ್ಕೆ ಜಾರುತ್ತದೆ. ಮುಂಬಯಿಯಲ್ಲಿ 12:26ಕ್ಕೆ ಆಗುತ್ತಿದ್ದದ್ದು 12:48ಕ್ಕೆ ಬರುತ್ತದೆ. ಮಧ್ಯಾಹ್ನ ಜಾರಿದರೆ ಬೆಳಗೂ ಸಂಜೆಯೂ ಜೊತೆಗೇ ಜಾರುತ್ತವೆ. ದೀಪ ಇಡುವವರ ಕಣ್ಣಿಗೆ ಅದು ಕಂಡಿತ್ತು. ಆವತ್ತಿನಿಂದ ಆ ಮಾತನ್ನು ನಾನು ತಪ್ಪದೆ ಸರಿಯಾಗಿ ಹೇಳುತ್ತಿದ್ದೇನೆ.

ಮುಂಬಯಿಯ ಮಧ್ಯಾಹ್ನ 12ಕ್ಕೆ ಯಾಕಿಲ್ಲ ಎಂದು ಕೇಳುವವರಿಗೆ ಇಷ್ಟೇ ಹೇಳಬೇಕು: ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಮ್ಮ ಊರು 73ರ ಹತ್ತಿರ. ಆ ವ್ಯತ್ಯಾಸವೇ 39 ನಿಮಿಷ. 1906ರಲ್ಲಿ ಭಾರತೀಯ ಕಾಲಮಾನ ಬಂದ ಮೇಲೂ ಈ ನಗರ ಬಹಳ ವರ್ಷ ತನ್ನದೇ ಬಾಂಬೆ ಟೈಮ್ ಇಟ್ಟುಕೊಂಡಿತ್ತು. ಅದು ಇದೇ 39 ನಿಮಿಷ ಹಿಂದಿತ್ತು. ಸುಮ್ನೆ ಹಟ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿನ ನೆರಳಿಗೆ ಹೊಂದುತ್ತಿದ್ದದ್ದು ಆ ಗಡಿಯಾರವೇ.

ನೆರಳೇ ಇಲ್ಲದ ದಿನವೂ ನಮಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ಮೇ 15ರ ಸುಮಾರಿಗೆ ಮುಂಬಯಿಯಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ, 12:35ರ ಹೊತ್ತಿಗೆ. ತಾರಸಿಯಲ್ಲಿ ಒಂದು ಲೋಟ ಬೋರಲು ಹಾಕಿ ನೋಡಿ, ನೆರಳು ಅದರ ಕೆಳಗೇ ಅಡಗಿರುತ್ತದೆ. ಪುಣೆಯಲ್ಲಿ ಇದು ಒಂದೆರಡು ದಿನ ಮೊದಲೇ, ಮಂಗಳೂರಿನಲ್ಲಿ ಏಪ್ರಿಲ್ 24-25ಕ್ಕೇ. ಎರಡನೆಯ ಸಲ ಜುಲೈ 27-28ಕ್ಕೆ. ಆಗ ಮುಂಬಯಿಯಲ್ಲಿ ಮೋಡ ಬಿಟ್ಟರೆ ಭಾಗ್ಯ.

ಆ 4 ನಿಮಿಷದ ಬಾಕಿಯನ್ನು ನಮ್ಮ ರೈತರು ಬೇರೆ ರೀತಿ ಓದಿದ್ದಾರೆ. ನಕ್ಷತ್ರಗಳು ದಿನಕ್ಕೆ 4 ನಿಮಿಷ ಬೇಗ ಹುಟ್ಟುತ್ತವೆ, ತಿಂಗಳಿಗೆ ಎರಡು ಗಂಟೆ. ಹೀಗೆ ಸೂರ್ಯ ಒಂದೊಂದೇ ನಕ್ಷತ್ರ ದಾಟುತ್ತ ಹೋಗುತ್ತಾನೆ, ಪ್ರತಿಯೊಂದರಲ್ಲೂ 13-14 ದಿನ. ಅದೇ ನಮ್ಮ ಮಳೆ ನಕ್ಷತ್ರ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಅನ್ನುತ್ತಾರಲ್ಲ, ಆ ರೋಹಿಣಿ. ಮೃಗಶಿರ ಜೂನ್ 8ರ ಹೊತ್ತಿಗೆ ಶುರು. ಮುಂಬಯಿಗೆ ಮಾನ್ಸೂನ್ ಬರುವ ವಾಡಿಕೆಯ ದಿನ ಜೂನ್ 11. ಎಷ್ಟು ಚೆನ್ನಾಗಿ ಹೊಂದುತ್ತದೆ, ಅಲ್ವಾ? ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಮೃಗಶಿರ ಮಳೆ ಬೀಳುವಾಗ ಮೃಗಶಿರ ನಕ್ಷತ್ರ ಕಾಣುವುದೇ ಇಲ್ಲ, ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಅದನ್ನು ಕಣ್ತುಂಬ ನೋಡಬೇಕಾದರೆ ಡಿಸೆಂಬರಿನ ನಡುರಾತ್ರಿ ನೆತ್ತಿಯತ್ತ ನೋಡಬೇಕು. ಕಾಣದ ನಕ್ಷತ್ರದ ಹೆಸರಲ್ಲಿ ಬಿತ್ತನೆ ಲೆಕ್ಕ ಹಾಕಿದವರು ಆಕಾಶವನ್ನು ಎಷ್ಟು ವರ್ಷ ನೋಡಿರಬೇಕು!

ಆದರೆ ನಾಲ್ಕನೆಯ ಗುಂಡಿ ಈ ಹೊಂದಾಣಿಕೆಯನ್ನು ಮೆಲ್ಲಗೆ ಸಡಿಲ ಮಾಡುತ್ತಿದೆ. ಭೂಮಿಯ ಅಕ್ಷ ಒಂದು ಓಲಾಟ ಮುಗಿಸಲು ಸುಮಾರು 25,800 ವರ್ಷ ಬೇಕು. ಋತುಗಳು ಅಕ್ಷದ ವಾಲುವಿಕೆಯನ್ನು ಅನುಸರಿಸುತ್ತವೆ. ಮಳೆ ನಕ್ಷತ್ರಗಳು ತಾರೆಗಳನ್ನು ಅನುಸರಿಸುತ್ತವೆ. ಎರಡರ ನಡುವೆ ಸುಮಾರು 71 ವರ್ಷಕ್ಕೆ ಒಂದು ದಿನದ ಬಿರುಕು ಬೀಳುತ್ತದೆ. ಸಾವಿರ ವರ್ಷಕ್ಕೆ ಹೆಚ್ಚು ಕಡಿಮೆ ಒಂದು ಇಡೀ ಮಳೆ ನಕ್ಷತ್ರ ಜಾರಿರುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ, ನಾವು ಎಳ್ಳು ಬೀರುವುದು ಜನವರಿ 14-15ಕ್ಕೆ. ಸುಮಾರು 1700 ವರ್ಷದ ಹಿಂದೆ ಎರಡೂ ಒಂದೇ ದಿನ ಬೀಳುತ್ತಿದ್ದವು. ಹಬ್ಬವನ್ನು ಬದಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಯಾಕೆ ಹೀಗೆ ಎಂದು ಮಕ್ಕಳು ಕೇಳಿದರೆ ಉತ್ತರ ಮಾತ್ರ ಕೊಡಿ.

ಚಂದ್ರನ ವಿಷಯಕ್ಕೆ ಬಂದರೆ, ಎರಡು ಚಂದ್ರರನ್ನು ಕನ್ನಡಿಗರು ಮರೆಯುವುದಿಲ್ಲ. ಯುಗಾದಿಯಲ್ಲಿ ನೋಡಲೇಬೇಕಾದವನು, ಚೌತಿಯಲ್ಲಿ ನೋಡಬಾರದವನು. ಇಬ್ಬರೂ ಕುಳಿತಿರುವ ರೀತಿಯೇ ಬೇರೆ. ಯುಗಾದಿಯ ಎಳೆ ಚಂದ್ರ ದೋಣಿಯ ಹಾಗೆ ಮಲಗಿರುತ್ತಾನೆ. ಮಾರ್ಚ್ ಸುಮಾರಿನ ಸಂಜೆ ಸೂರ್ಯ ಚಂದ್ರರ ದಾರಿ ನಮ್ಮ ಪಶ್ಚಿಮ ದಿಗಂತದಿಂದ ಹೆಚ್ಚು ಕಡಿಮೆ ನೆಟ್ಟಗೆ ಮೇಲೇಳುತ್ತದೆ. ಮುಳುಗಿದ ಸೂರ್ಯ ಚಂದ್ರನ ನೇರ ಕೆಳಗೆ, ಹಾಗಾಗಿ ಬೆಳಗುವುದು ಅಡಿಭಾಗ. ಭಾದ್ರಪದದಲ್ಲಿ ಅದೇ ದಾರಿ ಸುಮಾರು 48 ಡಿಗ್ರಿಗೆ ಓರೆಯಾಗಿ, ಎಡಕ್ಕೆ ವಾಲಿಕೊಂಡು ಹೋಗುತ್ತದೆ. ಚೌತಿ ಚಂದ್ರನೂ ವಾಲಿಯೇ ನಿಂತಿರುತ್ತಾನೆ, ಬೆಳಕು ಬಲಗಡೆ ಕೆಳಗೆ.

ಹಳೆ ಮೈಸೂರು ಕಡೆಯ ಹಿರಿಯರು ಯುಗಾದಿ ಚಂದ್ರನ ಯಾವ ಕೋಡು ಮೇಲಿದೆ ಎಂದು ನೋಡಿ ಮಳೆ ಬೆಳೆ ಹೇಳುತ್ತಿದ್ದರು. ಕೋಡಿಗೂ ಮಳೆಗೂ ಸಂಬಂಧ ಇಲ್ಲ. ಆದರೆ ಕೋಡು ವರ್ಷ ವರ್ಷ ಬದಲಾಗುವುದು ನಿಜ. ಚಂದ್ರನ ದಾರಿ ಸೂರ್ಯನ ದಾರಿಗೆ 5 ಡಿಗ್ರಿ ಓರೆ, ಆ ಓರೆ 18.6 ವರ್ಷಕ್ಕೆ ಒಂದು ಸುತ್ತು ತಿರುಗುತ್ತದೆ. ಪ್ರತಿ ಅಮಾವಾಸ್ಯೆಗೂ ಗ್ರಹಣ ಆಗದಿರುವುದಕ್ಕೆ ಕಾರಣವೂ ಅದೇ 5 ಡಿಗ್ರಿ. ಹಿರಿಯರು ನೋಡಿದ್ದು ಸರಿಯಾಗಿತ್ತು, ಓದಿದ್ದು ಬೇರೆಯಾಯಿತು.

ಸಮುದ್ರದ ಮೇಲೆ ಚಂದ್ರನ ಕೈ ಇರುವುದು ಮುಂಬಯಿಯವರಿಗೆ ಗೊತ್ತೇ ಇದೆ. ಕರಾವಳಿಯ ನಾವು ಭರತ-ಇಳಿತ ಅನ್ನುತ್ತೇವೆ, ಇಲ್ಲಿ ಭರತಿ-ಓಹೋಟಿ. ಅಮಾವಾಸ್ಯೆ ಹುಣ್ಣಿಮೆಗಳಂದು ಇಲ್ಲಿ ಭರತ ಬರುವುದು ಮಧ್ಯಾಹ್ನ 12ರ ಆಚೀಚೆ ಮತ್ತು ನಡುರಾತ್ರಿ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಹಾಜಿ ಅಲಿಗೆ ಹೋಗುವ ದಾರಿ ಭರತದಲ್ಲಿ ಮುಳುಗುತ್ತದೆ, ಇಳಿತದಲ್ಲಿ ತೆರೆಯುತ್ತದೆ. ಮಳೆಗಾಲದ ಅಮಾವಾಸ್ಯೆ ಹುಣ್ಣಿಮೆಯ ಮಧ್ಯಾಹ್ನ ಜೋರು ಮಳೆ ಬಂದರೆ ಚರಂಡಿ ನೀರು ಸಮುದ್ರಕ್ಕೆ ಇಳಿಯುವುದಿಲ್ಲ. ಅಂಥ ದಿನ ಮನೆಯಲ್ಲೇ ಇರಿ ಎಂದು ಹೇಳಲು ನನಗೆ ಸಂಕೋಚ ಇಲ್ಲ.

ಗ್ರಹಗಳ ಬಗ್ಗೆ ಕೇಳುವವರು ಹೆದರಿಕೊಂಡೇ ಕೇಳುತ್ತಾರೆ. "ಸರ್, ಕುಜ ವಕ್ರಿ ಅಂತೆ, ಏನಾಗ್ತದೆ?" ವಕ್ರಿ ಅಂದರೆ ಮಂಗಳ ಗ್ರಹ ಆಕಾಶದಲ್ಲಿ ಹಿಂದಕ್ಕೆ ನಡೆದಂತೆ ಕಾಣುವುದು, ಅಷ್ಟೇ. ನೀವು ಕುರ್ಲಾದಿಂದ ಠಾಣೆಗೆ ಫಾಸ್ಟ್ ಲೋಕಲ್‌ನಲ್ಲಿ ಹೋಗುತ್ತಿದ್ದೀರಿ ಅನ್ನಿ. ಪಕ್ಕದ ಹಳಿಯಲ್ಲಿ ಸ್ಲೋ ಲೋಕಲ್ ಅದೇ ದಿಕ್ಕಿಗೆ ಹೊರಟಿದೆ. ನೀವು ಅದನ್ನು ದಾಟುವಾಗ ಅದರ ಕಿಟಕಿಗಳು ಹಿಂದಕ್ಕೆ ಜಾರುತ್ತವೆ. ಆ ಗಾಡಿಯಲ್ಲಿ ಕೂತವರು ಕುರ್ಲಾಕ್ಕೆ ವಾಪಸ್ ಹೋಗುತ್ತಿಲ್ಲ. ಭೂಮಿಯ ವೇಗ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್, ಮಂಗಳನದು 24. ಸುಮಾರು 26 ತಿಂಗಳಿಗೊಮ್ಮೆ ನಾವು ಅವನನ್ನು ಒಳಗಿನ ಹಳಿಯಿಂದ ದಾಟುತ್ತೇವೆ, ಎರಡು ಎರಡೂವರೆ ತಿಂಗಳು ಅವನು ಹಿಂದೆ ನಡೆದಂತೆ ಕಾಣುತ್ತಾನೆ. 2025ರ ಜನವರಿಯಲ್ಲಿ ದಾಟಿದೆವು, ಮುಂದಿನದು 2027ರ ಫೆಬ್ರವರಿಯಲ್ಲಿ. ಆಗಲೇ ಅವನು ಹತ್ತಿರ, ಆಗಲೇ ಚೆನ್ನಾಗಿ ಕೆಂಪಗೆ ಹೊಳೆಯುತ್ತಾನೆ. ಹೆದರುವ ಬದಲು ತಾರಸಿ ಹತ್ತಿ.

ಬೆಳ್ಳಿ ಚುಕ್ಕಿಯ ಕಥೆ ತಿರುಗುಮುರುಗು. ಶುಕ್ರ ನಮಗಿಂತ ಒಳಗಿನ ಹಳಿಯವನು, ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗಿ ಕಾಣಿಸುವುದೇ ಇಲ್ಲ. ಅದಕ್ಕೇ ಅವನು ಸಂಜೆಗೆ ಅಥವಾ ಬೆಳಗಿನ ಜಾವಕ್ಕೆ ಮೀಸಲು.

ಊರು ಬದಲಿಸುವ ಆ ಮೂರನೆಯ ಗುಂಡಿಗೆ ಯಂತ್ರವೂ ಬೇಡ, ತಾರಾಲಯವೂ ಬೇಡ. ಕೊಂಕಣ ರೈಲು ಸಾಕು. ಕೈಯನ್ನು ಉದ್ದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಮುಂಬಯಿಯಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಹತ್ತಿರ ಹತ್ತಿರ ಎರಡು ಮುಷ್ಟಿ ಮೇಲೆ, 19 ಡಿಗ್ರಿ. ಉಡುಪಿಯಲ್ಲಿ ಒಂದೂಕಾಲು ಮುಷ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ದಕ್ಷಿಣದ ಅಗಸ್ತ್ಯ ನಕ್ಷತ್ರ ಇಲ್ಲಿ 18 ಡಿಗ್ರಿಗಿಂತ ಹೆಚ್ಚು ಏರುವುದಿಲ್ಲ, ಊರಲ್ಲಿ 24ರ ತನಕ ಏರುತ್ತದೆ. ಕರ್ಜತ್ ಲೈನಿನ ವಾಂಗಣಿಯಲ್ಲಿ ನಾವು ರಾತ್ರಿ ಆಕಾಶ ತೋರಿಸುವಾಗ ಮಕ್ಕಳಿಗೆ ಮೊದಲು ಮಾಡಿಸುವುದು ಇದನ್ನೇ: ಎರಡು ಮುಷ್ಟಿ, ಒಂದರ ಮೇಲೊಂದು. ಫೆಬ್ರವರಿಯಲ್ಲಿ ಯಾವುದಾದರೂ ಮದುವೆಗೆ ಊರಿಗೆ ಹೋಗುವುದಿದ್ದರೆ, ಹೊರಡುವ ಹಿಂದಿನ ರಾತ್ರಿ ಇಲ್ಲಿ ಅಳೆದುಕೊಳ್ಳಿ. ಅಲ್ಲಿ ರಾತ್ರಿ ಊಟ ಆದ ಮೇಲೆ ಗದ್ದೆಯ ಬದುವಿಗೆ ಹೋಗಿ ಮತ್ತೊಮ್ಮೆ ಅಳೆಯಿರಿ. ಆ ಸಂಕಷ್ಟಿಯ ಅಮ್ಮ ಕಳೆದ ವರ್ಷ ಅಳೆದು ಬಂದರು. ಕ್ಯಾಲೆಂಡರಿನಲ್ಲಿ ಅದಕ್ಕೂ ಪೆನ್ಸಿಲ್ ಗುರುತು ಇದೆ.